ತಾರೀಕು ಯಾರ ಕೈಯಲ್ಲಿದೆ? ಸಾಂಗ್ಲಿಯಿಂದ ಪುಣೆಯವರೆಗೆ ಚೆಸ್ ಕ್ಯಾಲೆಂಡರಿನ ಕಥೆ

ಈ ವಾರದ ವಿಡಿಯೊ ನೋಡೋಕೆ ಪುರುಸೊತ್ತು ಸಿಗದವರಿಗೆ, ಹಿಂಜವಡಿ ಬಸ್ಸಲ್ಲಿ ಕೂತು ಓದ್ಕೊಳ್ಳೋರಿಗೆ, ಎಂದಿನಂತೆ ಬರಹರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೀನಿ.

ವಿಷಯ ಶುರುವಾಗಿದ್ದು ನಮ್ಮ ಮನೆಯಲ್ಲೇ. ಹೋದ ವರ್ಷ ಮಗಳು ಎರಡು ಚೆಸ್ ಪಂದ್ಯಾವಳಿಗೆ ಹೆಸರು ಕೊಟ್ಟಿದ್ದಳು. ಒಂದು ಪುಣೆಯಲ್ಲೇ, ಇನ್ನೊಂದು ಕೊಲ್ಹಾಪುರದ ಕಡೆ. ಹೆಸರು ಕೊಟ್ಟಾಗ ಎರಡರ ನಡುವೆ ಎರಡು ವಾರದ ಅಂತರ ಇತ್ತು. ಆಮೇಲೆ ಪುಣೆಯವರಿಗೆ ಹಾಲ್ ಸಿಗಲಿಲ್ಲ, ಎರಡು ವಾರ ಮುಂದೆ ಹಾಕಿದ್ರು. ಎರಡೂ ಒಂದೇ ಶನಿವಾರ, ಒಂದೇ ಭಾನುವಾರ. ಫೋನ್ ಮಾಡಿದ್ರೆ ಇವರು ‘ಅವರನ್ನ ಕೇಳಿ’, ಅವರು ‘ಇವರನ್ನ ಕೇಳಿ’. ಎಂಟ್ರಿ ಫೀ ವಾಪಸ್ ಇಲ್ಲ. ದುಡ್ಡಿಗಿಂತ ಹೆಚ್ಚಾಗಿ, ಮೂರು ತಿಂಗಳಿಂದ ತಯಾರಿ ಮಾಡ್ಕೊಂಡಿದ್ದ ಹುಡುಗಿ ‘ಅಪ್ಪಾ, ದೊಡ್ಡವರು ಒಬ್ಬರಿಗೊಬ್ಬರು ಮಾತಾಡ್ಕೊಳ್ಳಲ್ವಾ?’ ಅಂದಾಗ ನನ್ನ ಹತ್ರ ಉತ್ತರ ಇರಲಿಲ್ಲ.

ಉತ್ತರ ಹುಡುಕ್ತಾ ಹೋದೆ. ಹಾದಿ ನಮ್ಮ ಊರ ಕಡೆಗೇ ತಿರುಗಿತು.

ಚೆಸ್ಸಿನಲ್ಲಿ ಒಂದು ಪಂದ್ಯಾವಳಿಯ ಒಳಗಿನ ವೇಳಾಪಟ್ಟಿಯ ಸಮಸ್ಯೆ ನೂರು ವರ್ಷಕ್ಕೂ ಹಿಂದೆ ಬಗೆಹರಿದಿದೆ. ಹತ್ತು ಜನ ಇದ್ದರೆ ಯಾರು ಯಾರ ಜೊತೆ ಯಾವ ಸುತ್ತಿನಲ್ಲಿ ಆಡಬೇಕು, ಯಾರಿಗೆ ಬಿಳಿ, ಯಾರಿಗೆ ಕಪ್ಪು ಅನ್ನೋದಕ್ಕೆ ಬೆರ್ಗರ್ ಕೋಷ್ಟಕ ಅಂತ ಇದೆ. ರೂಪಿಸಿದವನು ಷುರಿಗ್, ಹೆಸರು ಬಂದಿದ್ದು ಆಸ್ಟ್ರಿಯಾದ ಬೆರ್ಗರನಿಗೆ. ನೂರಾರು ಜನ ಸೇರಿದರೆ ಸ್ವಿಸ್ ಪದ್ಧತಿ. ಅದಕ್ಕೂ ಆಸ್ಟ್ರಿಯಾದವರೇ ಒಬ್ಬರು ಮಾಡಿದ ಸ್ವಿಸ್ ಮ್ಯಾನೇಜರ್ ಅನ್ನೋ ಸಾಫ್ಟ್‌ವೇರ್ ಇದೆ, ಗುಂಡಿ ಒತ್ತಿದರೆ ಜೋಡಿ ಸಿದ್ಧ. ಆದರೆ ಒಂದು ಪಂದ್ಯಾವಳಿಗೂ ಇನ್ನೊಂದು ಪಂದ್ಯಾವಳಿಗೂ ನಡುವಿನ ವೇಳಾಪಟ್ಟಿ ಇದೆಯಲ್ಲ, ಅದಕ್ಕೆ ಇವತ್ತಿಗೂ ಕೋಷ್ಟಕ ಇಲ್ಲ. ಅದು ಗಣಿತದ ಲೆಕ್ಕ ಅಲ್ಲವೇ ಅಲ್ಲ, ಮನುಷ್ಯರ ಲೆಕ್ಕ.

ಮೊದಲು ಹೊಂದಿಸಬೇಕಾಗಿದ್ದು ತಾರೀಕನ್ನಲ್ಲ, ಆಟವನ್ನೇ. ನಮ್ಮ ಅಜ್ಜಂದಿರು ಕಟ್ಟೆ ಮೇಲೆ ಆಡ್ತಿದ್ದ ಚದುರಂಗದಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೀತಿತ್ತು. ರಾಜ ಒಂದು ಸಲ ಕುದುರೆಯ ಹಾಗೆ ಜಿಗೀಬಹುದಿತ್ತು. ಕೊನೇ ಮನೆ ಮುಟ್ಟಿದ ಪ್ಯಾದೆ ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿಯೇ ಆಗಬೇಕು, ಎಲ್ಲವೂ ಮಂತ್ರಿಯಾಗೋ ಹಾಗಿಲ್ಲ. ಈ ನಿಯಮಗಳೂ ಊರಿಂದ ಊರಿಗೆ ಅಷ್ಟಿಷ್ಟು ಬೇರೆ. ಇಂಥ ದೇಶೀ ನಿಯಮದಲ್ಲಿ ಬೆಳೆದ ಮೀರ್ ಸುಲ್ತಾನ್ ಖಾನ್ 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಅದೂ ಯೂರೋಪಿನ ನಿಯಮ ಕಲಿತು ಹೆಚ್ಚು ಕಾಲ ಆಗಿರದಿದ್ದಾಗ. ಜಗತ್ತಿನ ಚೆಸ್ ಒಕ್ಕೂಟ ಫಿಡೆ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು 1924ರಲ್ಲಿ, ನಮ್ಮ ಅಖಿಲ ಭಾರತ ಚೆಸ್ ಒಕ್ಕೂಟ 1951ರಲ್ಲಿ. ಈ ಎರಡರ ನಡುವೆ ನಮ್ಮ ಕಡೆ ಆಟವನ್ನ ಎತ್ತಿ ಹಿಡಿದವರು ಊರೂರಿನ ಮಂಡಳಿಗಳು.

ಅದರಲ್ಲಿ ಒಂದು ಸಾಂಗ್ಲಿಯ ನೂತನ ಬುದ್ಧಿಬಳ ಮಂಡಳ. 1941ರಲ್ಲಿ ಶುರುವಾಗಿದ್ದು. ಅದರ ಜೀವಾಳ ಭಾವುಸಾಹೇಬ ಪಡಸಲಗೀಕರ. ಈ ಅಡ್ಡಹೆಸರು ಕೇಳಿದ ತಕ್ಷಣ ನಮ್ಮ ಜಮಖಂಡಿ ಕಡೆಯವರ ಕಿವಿ ನಿಮಿರುತ್ತೆ. ಚಿಕ್ಕಪಡಸಲಗಿ ನಮ್ಮ ತಾಲ್ಲೂಕಿನ ಊರು, ಕೃಷ್ಣೆಯ ದಂಡೆಯಲ್ಲಿದೆ. ರೈತರೇ ಶ್ರಮದಾನದಿಂದ ಬ್ಯಾರೇಜ್ ಕಟ್ಟಿದರು ಅಂತ ನೀವು ಶಾಲೆಯಲ್ಲೋ ಪತ್ರಿಕೆಯಲ್ಲೋ ಓದಿರ್ತೀರಿ, ಅದೇ ಊರು. ಮರಾಠಿ ಅಡ್ಡಹೆಸರಿನ ಹೊಟ್ಟೆಯೊಳಗೆ ಕನ್ನಡದ ಹಳ್ಳಿ ಕೂತಿರೋದು ಈ ಭಾಗದಲ್ಲಿ ಹೊಸದೇನಲ್ಲ. ಸಾಂಗ್ಲಿ, ಜಮಖಂಡಿ ಎರಡೂ ಪಟವರ್ಧನರ ಸಂಸ್ಥಾನಗಳೇ ಆಗಿದ್ದವು. ಮದುವೆ, ವ್ಯಾಪಾರ, ನಾಟಕ, ಕುಸ್ತಿ ಎಲ್ಲಕ್ಕೂ ಜನ ಓಡಾಡ್ತಿದ್ದರು. ಚದುರಂಗಕ್ಕೂ.

ಸಾಂಗ್ಲಿ ಮಾಡಿದ ಜಾಣ ಕೆಲಸ ಏನು ಗೊತ್ತಾ? ಬೇಸಿಗೆ ರಜೆಯನ್ನ ಹಿಡಿದಿಟ್ಟುಕೊಂಡಿದ್ದು. ಮೇ ಬಂತೆಂದರೆ ಸಾಂಗ್ಲಿಯಲ್ಲಿ ಚೆಸ್ ಉತ್ಸವ. ಒಂದಾದ ಮೇಲೊಂದು ಪಂದ್ಯಾವಳಿ, ಒಂದೇ ಊರಲ್ಲಿ. ಬಂದವರು ನಾಲ್ಕು ದಿನಕ್ಕೆ ಬಂದು ಎರಡು ವಾರ ಇರಬಹುದಿತ್ತು. ಮೇ ತಿಂಗಳೇ ಯಾಕೆ ಅನ್ನೋದನ್ನ ನಾನು ಇಲ್ಲಿಗೆ ಬಂದ ಮೇಲೆ ಅರ್ಥ ಮಾಡ್ಕೊಂಡೆ. ಕರ್ನಾಟಕದ ಶಾಲೆಗಳಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ. ಮಹಾರಾಷ್ಟ್ರದಲ್ಲಿ ಮೇ ಶುರುವಿನಿಂದ ಜೂನ್ ಮಧ್ಯದವರೆಗೆ. ಎರಡೂ ಕಡೆಯ ಮಕ್ಕಳು ಒಟ್ಟಿಗೆ ಬಿಡುವಾಗಿರೋದು ಮೇ ತಿಂಗಳೊಂದೇ. ಆ ತಿಂಗಳಲ್ಲಿ ಆಟ ಇಟ್ಟರೆ ಸಾಂಗ್ಲಿ, ಪುಣೆ, ಬೆಳಗಾವಿ, ಹುಬ್ಬಳ್ಳಿ ಎಲ್ಲ ಕಡೆಯಿಂದ ಹುಡುಗರು ಬರಬಹುದು. ಮಿರಜ್ ಜಂಕ್ಷನ್ ಪಕ್ಕದಲ್ಲೇ ಇದೆ.

ಇಂಗ್ಲೆಂಡಿನ ಹೇಸ್ಟಿಂಗ್ಸ್ ಇದನ್ನೇ ಕ್ರಿಸ್ಮಸ್ ರಜೆಯಲ್ಲಿ ಮಾಡಿತು. ಹಾಲೆಂಡಿನವರು ಜನವರಿಯಲ್ಲಿ ಮಾಡಿದರು. 1938ರಲ್ಲಿ ಬೆವರ್‌ವೈಕ್ ಊರಲ್ಲಿ ಹುಟ್ಟಿದ ಆ ಪಂದ್ಯಾವಳಿಯೇ ಈಗ ವೈಕ್ ಆನ್ ಝೀಯಲ್ಲಿ ನಡೆಯೋದು. ತಾರೀಕು ಸ್ಥಿರವಾಗಿದ್ದರೆ ಯಾರಿಗೂ ಪತ್ರ ಬರೆದು ಒಪ್ಪಿಗೆ ಕೇಳಬೇಕಾಗಿಲ್ಲ. ಉಳಿದವರು ತಾವಾಗಿಯೇ ಪಕ್ಕಕ್ಕೆ ಸರೀತಾರೆ. ಜಾತ್ರೆ ಇದ್ದ ಹಾಗೆ. ಪಕ್ಕದ ಊರಿನ ಜಾತ್ರೆ ದಿನ ನಾವು ಜಾತ್ರೆ ಮಾಡ್ತೀವಾ?

ಸಾಂಗ್ಲಿಯ ಈ ವಾತಾವರಣದಿಂದ ಎಂಥವರು ಬಂದರು ನೋಡಿ. ಭಾಗ್ಯಶ್ರೀ ಸಾಠೆ ಐದು ಸಲ ರಾಷ್ಟ್ರೀಯ ಮಹಿಳಾ ಚಾಂಪಿಯನ್, 1991ರಲ್ಲಿ ಏಷ್ಯನ್ ಮಹಿಳಾ ಚಾಂಪಿಯನ್. ಅವರ ನಂತರದ ಪೀಳಿಗೆಯ ಸ್ವಾತಿ ಘಾಟೆ ಮಹಿಳಾ ಗ್ರಾಂಡ್ ಮಾಸ್ಟರ್ ಆದರು.

ಈಗ ದೇಶದ ಮಟ್ಟಕ್ಕೆ ಬರೋಣ. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು 1955ರಲ್ಲಿ, ಆಂಧ್ರದ ಏಲೂರಿನಲ್ಲಿ. ಮಹಾರಾಷ್ಟ್ರದ ರಾಮಚಂದ್ರ ಸಪ್ರೆ ಮತ್ತು ಆಂಧ್ರದ ಡಿ. ವೆಂಕಯ್ಯ ಜಂಟಿ ವಿಜೇತರು. ಮುಂದಿನದ್ದು ಯಾವಾಗ? 1957. ಅದರ ಮುಂದಿನದ್ದು 1959, ಆಮೇಲೆ 1961. ಎರಡು ವರ್ಷಕ್ಕೊಂದು! ಇಪ್ಪತ್ತರ ಹುಡುಗ ಒಂದು ಸಲ ಸೋತರೆ ಮುಂದಿನ ಸಲಕ್ಕೆ ಇಪ್ಪತ್ತೆರಡು. ಅಷ್ಟರಲ್ಲಿ ಬ್ಯಾಂಕ್ ಕೆಲಸ, ಮದುವೆ, ಮನೆ. ಮ್ಯಾನುಯೆಲ್ ಆರನ್ 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. ಝೋನಲ್ ಪಂದ್ಯ ಆಗ ಮದರಾಸಿನಲ್ಲೇ ನಡೆದಿತ್ತು. ಮರುವರ್ಷ ಸ್ಟಾಕ್‌ಹೋಮಿಗೆ ಹೋಗಿ ಪೋರ್ಟಿಷ್, ಊಲ್ಮನ್ ಅಂಥವರನ್ನ ಸೋಲಿಸಿ ಬಂದರು. ಸರಿ, ಎರಡನೇ ಇಂಟರ್‌ನ್ಯಾಷನಲ್ ಮಾಸ್ಟರ್ ಯಾವಾಗ? 1978. ವಿ. ರವಿಕುಮಾರ್, ಅದೂ ಟೆಹರಾನಿನಲ್ಲಿ ಏಷ್ಯನ್ ಜೂನಿಯರ್ ಗೆದ್ದು.

ನಡುವೆ 17 ವರ್ಷ. ಅಷ್ಟು ವರ್ಷ ದೇಶದಲ್ಲಿ ಬುದ್ಧಿವಂತರೇ ಹುಟ್ಟಲಿಲ್ಲ ಅಂತಲ್ಲ. ಬಿರುದು ಸಿಗುವಂಥ ಆಟಗಳ ತಾರೀಕು ನಮ್ಮ ಕ್ಯಾಲೆಂಡರಿನಲ್ಲಿ ಇರಲಿಲ್ಲ, ಹೊರದೇಶಕ್ಕೆ ಹೋಗೋಕೆ ದುಡ್ಡೂ ವಿದೇಶಿ ವಿನಿಮಯವೂ ಇರಲಿಲ್ಲ. ಮುಂದೆ ವಿಶ್ವನಾಥನ್ ಆನಂದ್ 1988ರಲ್ಲಿ ಮೊದಲ ಗ್ರಾಂಡ್ ಮಾಸ್ಟರ್ ಆಗಿದ್ದು ಕೊಯಮತ್ತೂರಿನಲ್ಲಿ, ಶಕ್ತಿ ಫೈನಾನ್ಸ್ ಪಂದ್ಯಾವಳಿಯಲ್ಲಿ. ಆಟಗಾರನ ಪ್ರತಿಭೆ ಇದ್ದೇ ಇತ್ತು. ಆದರೆ ಯಾರೋ ಒಬ್ಬರು ಕೊಯಮತ್ತೂರಿನಲ್ಲಿ ಕೂತು ತಾರೀಕು ಹಾಕಿ, ಹೊರದೇಶದ ಆಟಗಾರರನ್ನ ಕರೆಸಿ, ಹೋಟೆಲ್ ಬಿಲ್ ಕಟ್ಟಿದ್ದೂ ಆ ಕಥೆಯ ಒಂದು ಭಾಗ ತಾನೆ?

ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಕಣ್ಣಿಗೆ ಹೊಡೆಯೋ ಹಾಗೆ ಕಾಣುತ್ತೆ. ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಮೊದಲ ಸಲ ನಡೆದದ್ದು 1974ರಲ್ಲಿ, ಎಲ್ಲಿ ಅಂದ್ರೆ ನಮ್ಮ ಬೆಂಗಳೂರಿನಲ್ಲಿ. ಗೆದ್ದವರು ಮುಂಬೈನ ವಾಸಂತಿ ಖಾಡಿಲ್ಕರ್. ಅವರ ತಂಗಿಯರು ಜಯಶ್ರೀ, ರೋಹಿಣಿ. ‘ನವಾಕಾಳ’ ಪತ್ರಿಕೆಯ ಮನೆತನ. ಪತ್ರಿಕೆ ಶುರು ಮಾಡಿದ ನಾಟಕಕಾರ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್ ಹುಟ್ಟಿದ್ದು ಸಾಂಗ್ಲಿಯಲ್ಲಿ, ಮತ್ತೆ ಅದೇ ಸಾಂಗ್ಲಿ! ಅಲ್ಲಿಂದ ಸುಮಾರು ಹತ್ತು ವರ್ಷ ಈ ಮೂವರು ಅಕ್ಕತಂಗಿಯರದ್ದೇ ಕಾರುಬಾರು. 1974ಕ್ಕೆ ಮುಂಚೆಯೂ ಹುಡುಗಿಯರು ಮನೆಯಲ್ಲಿ ಆಡ್ತಿದ್ದರು. ಆದರೆ ಅವರಿಗೆ ಅಂತ ಒಂದು ರಾಷ್ಟ್ರೀಯ ತಾರೀಕು ಇರಲಿಲ್ಲ, ಹಾಗಾಗಿ ದಾಖಲೆಯಲ್ಲಿ ಅವರಿಲ್ಲ. 1976ರಲ್ಲಿ ರೋಹಿಣಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲೇ ಆಡಿದರು. ಗಲಾಟೆ ಆಯ್ತು. ಕೊನೆಗೆ ಫಿಡೆ ಅಧ್ಯಕ್ಷ, ಮಾಜಿ ವಿಶ್ವ ಚಾಂಪಿಯನ್ ಮ್ಯಾಕ್ಸ್ ಯೂವೆ ಹೆಣ್ಣುಮಕ್ಕಳನ್ನ ಹೊರಗಿಡೋ ಹಾಗಿಲ್ಲ ಅಂತ ಹೇಳಬೇಕಾಯ್ತು.

ಇನ್ನು ರಾಜ್ಯಗಳ ಗಡಿ. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡೋದು ಇದೇ. 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದವು. 1956ರಲ್ಲಿ ಜಮಖಂಡಿ ಮೈಸೂರು ರಾಜ್ಯಕ್ಕೆ ಬಂತು, ಸಾಂಗ್ಲಿ ಆ ಕಡೆ ಉಳೀತು. ಭಾಷೆಯ ದೃಷ್ಟಿಯಿಂದ ಆದದ್ದು ಸರಿಯೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಚೆಸ್ ಒಕ್ಕೂಟ ನಡೆಯೋದು ರಾಜ್ಯ ಸಂಸ್ಥೆಗಳ ಮೂಲಕ. ರಾಷ್ಟ್ರೀಯ ಪಂದ್ಯಕ್ಕೆ ಹೋಗಬೇಕಾದ್ರೆ ನಿಮ್ಮ ಜಿಲ್ಲೆ, ಆಮೇಲೆ ನಿಮ್ಮ ರಾಜ್ಯ. ಜಮಖಂಡಿಯ ಹುಡುಗನಿಗೆ ಸಾಂಗ್ಲಿ ನೂರು ಕಿಲೋಮೀಟರಿನ ಆಸುಪಾಸು, ಬೆಂಗಳೂರು ಐನೂರರ ಆಸುಪಾಸು. ಅವನ ಆಯ್ಕೆ ಪಂದ್ಯ ದಕ್ಷಿಣದ ತುದಿಯಲ್ಲಿ, ಅವನ ಹತ್ತಿರದ ಆಟ ಪಕ್ಕದ ರಾಜ್ಯದಲ್ಲಿ. ಎರಡೂ ರಾಜ್ಯದವರು ಕ್ಯಾಲೆಂಡರ್ ಹಾಕುವಾಗ ಒಬ್ಬರ ಮುಖ ಒಬ್ಬರು ನೋಡಬೇಕು ಅಂತ ನಿಯಮವೇನೂ ಇಲ್ಲ. ಎರಡೂ ಒಂದೇ ವಾರ ಬಿದ್ದರೆ ನಷ್ಟ ಯಾರಿಗೆ? ಬೆಂಗಳೂರಿನ ಹುಡುಗನಿಗೂ ಇಲ್ಲ, ಪುಣೆಯ ಹುಡುಗನಿಗೂ ಇಲ್ಲ. ಗಡಿಯಲ್ಲಿ ನಿಂತವನಿಗೆ.

ನಾನೇ ಆ ಹುಡುಗ ಅಂತ ಹೇಳ್ಕೊಳ್ಳೋವಷ್ಟು ಚೆನ್ನಾಗಿ ನಾನು ಆಡ್ತಿರಲಿಲ್ಲ ಬಿಡಿ. ತಾಲ್ಲೂಕಿನಲ್ಲಿ ಮೂರನೆಯವನು, ಅಷ್ಟೇ. ಆದರೆ ನನಗಿಂತ ಚೆನ್ನಾಗಿ ಆಡ್ತಿದ್ದ ಇಬ್ಬರು ನನಗೆ ಗೊತ್ತು.

ಆ ಕಾಲದಲ್ಲಿ ರೇಟಿಂಗ್ ಅನ್ನೋದೂ ನಮ್ಮಂಥವರ ಕೈಗೆ ಎಟುಕ್ತಿರಲಿಲ್ಲ. ಫಿಡೆ ಪಟ್ಟಿ 1971ರಿಂದ ವರ್ಷಕ್ಕೊಮ್ಮೆ, 1981ರಿಂದ ಜನವರಿ ಮತ್ತು ಜುಲೈ ಅಂತ ಎರಡು ಸಲ. ಕನಿಷ್ಠ 2200 ಇದ್ದರೆ ಮಾತ್ರ ಹೆಸರು. ಪಂದ್ಯಾವಳಿ ನಡೆಸಿದವರು ವರದಿ ಕಳಿಸೋದು ತಡ ಮಾಡಿದರೆ ಆಟಗಾರ ಇನ್ನೂ ಆರು ತಿಂಗಳು ಕಾಯಬೇಕು. ಆಮೇಲೆ ಕನಿಷ್ಠ ಮಿತಿ ಇಳೀತಾ ಬಂದು 2012ರ ಹೊತ್ತಿಗೆ 1000ಕ್ಕೆ ಮುಟ್ಟಿತು. ಅದೇ ವರ್ಷ ಜುಲೈಯಿಂದ ಪಟ್ಟಿ ಪ್ರತಿ ತಿಂಗಳು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆರು ತಿಂಗಳಿಗೊಂದು ರಿಲೀಸ್ ಇದ್ದಿದ್ದು ತಿಂಗಳಿಗೊಂದು ಆಯ್ತು. ಪರಿಣಾಮ? ಪ್ರತಿ ಊರಲ್ಲೂ ರೇಟೆಡ್ ಪಂದ್ಯಾವಳಿ, ಪ್ರತಿ ಶನಿವಾರ ಭಾನುವಾರ. ಮೊದಲು ತಾರೀಕೇ ಇಲ್ಲದ ಬರಗಾಲ, ಈಗ ತಾರೀಕಿನ ಮೇಲೆ ತಾರೀಕು ಬೀಳೋ ನೆರೆ. 2024ರ ಮಾರ್ಚಿನಲ್ಲಿ ಫಿಡೆ ಕನಿಷ್ಠ ಮಿತಿಯನ್ನ ಮತ್ತೆ 1400ಕ್ಕೆ ಏರಿಸಿದೆ.

ದೊಡ್ಡ ಪಂದ್ಯಾವಳಿಗಳವರು ಹೊಂದಾಣಿಕೆ ಕಲಿತರು, ಆದರೆ ಒಳ್ಳೇತನದಿಂದ ಅಲ್ಲ, ಬೇರೆ ದಾರಿಯಿಲ್ಲದೆ. ಗ್ರಾಂಡ್ ಮಾಸ್ಟರ್ ಆಗಬೇಕಾದ್ರೆ ನಾರ್ಮ್ ಬೇಕು. ನಾರ್ಮಿಗೆ ಸಾಮಾನ್ಯವಾಗಿ ಒಂಬತ್ತು ಸುತ್ತು, ಎದುರಾಳಿಗಳಲ್ಲಿ ಕನಿಷ್ಠ ಮೂವರು ಗ್ರಾಂಡ್ ಮಾಸ್ಟರ್‌ಗಳು, ಬೇರೆ ದೇಶದವರೂ ಬೇಕು. ಜಾರ್ಜಿಯಾದಿಂದಲೋ ಉಕ್ರೇನಿನಿಂದಲೋ ಒಬ್ಬ ಗ್ರಾಂಡ್ ಮಾಸ್ಟರ್ ಒಂದೇ ಪಂದ್ಯಾವಳಿಗಾಗಿ ವಿಮಾನ ಹತ್ತಲ್ಲ. ಒಂದರ ಹಿಂದೆ ಒಂದು ಮೂರು ಇದ್ದರೆ ಬರ್ತಾನೆ. ಹಾಗಾಗಿ ದೆಹಲಿ, ಮುಂಬೈ, ಭುವನೇಶ್ವರ, ಚೆನ್ನೈನವರು ಒಬ್ಬರ ಬೆನ್ನಿಗೆ ಒಬ್ಬರು ತಾರೀಕು ಹೊಂದಿಸಬೇಕಾಯ್ತು. ಕರ್ನಾಟಕ ಈ ಸಾಲಿಗೆ ತಡವಾಗಿ ಸೇರಿತು. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಗ್ರಾಂಡ್ ಮಾಸ್ಟರ್ ಓಪನ್ ನಡೆದದ್ದು 2024ರ ಜನವರಿಯಲ್ಲಿ. ಕರ್ನಾಟಕದ ಮೊದಲ ಗ್ರಾಂಡ್ ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ಬಿರುದು ಪಡೆದದ್ದು 2017ರಲ್ಲಿ. ರೈಲ್ವೆ ನೌಕರ, ಆಗಲೇ ಮೂವತ್ತೈದು ದಾಟಿತ್ತು. ಆ ಹೊತ್ತಿಗೆ ತಮಿಳುನಾಡಿನಲ್ಲಿ ಗ್ರಾಂಡ್ ಮಾಸ್ಟರ್‌ಗಳ ದಂಡೇ ಇತ್ತು. ಪುಣೆಯ ಅಭಿಜಿತ್ ಕುಂಟೆ 2000ದಲ್ಲೇ ಆಗಿದ್ದರು.

ತಾರೀಕಿನ ಮೇಲಿನ ಹಿಡಿತ ಹೆಚ್ಚಾದರೆ ಏನಾಗುತ್ತೆ ಅನ್ನೋದಕ್ಕೂ ದಾಖಲೆ ಇದೆ. ಅಖಿಲ ಭಾರತ ಒಕ್ಕೂಟ ತನ್ನ ಒಪ್ಪಿಗೆ ಇಲ್ಲದ ಪಂದ್ಯಾವಳಿಗಳಲ್ಲಿ ಆಡಬಾರದು ಅಂತ ಆಟಗಾರರಿಂದ ಮುಚ್ಚಳಿಕೆ ಬರೆಸಿಕೊಳ್ತಿತ್ತು. ಹಾಗೆ ಆಡಿದ್ದಕ್ಕೆ ಕ್ರಮಕ್ಕೆ ಒಳಗಾದ ಕೆಲವು ಆಟಗಾರರು 2011ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದರು, ವಿಷಯ ಅಲ್ಲಿಂದ ಭಾರತೀಯ ಸ್ಪರ್ಧಾ ಆಯೋಗಕ್ಕೆ ಹೋಯ್ತು. ಕಂಪನಿಗಳ ಏಕಸ್ವಾಮ್ಯ ನೋಡೋ ಆಯೋಗ ಚೆಸ್ ನೋಡಬೇಕಾಯ್ತು. 2018ರ ಜುಲೈನಲ್ಲಿ ಆಯೋಗ, ಒಕ್ಕೂಟ ತನ್ನ ಪ್ರಬಲ ಸ್ಥಾನವನ್ನ ದುರುಪಯೋಗ ಮಾಡಿಕೊಂಡಿದೆ ಅಂತ ಹೇಳಿ ಸುಮಾರು 6.92 ಲಕ್ಷ ರೂಪಾಯಿ ದಂಡ ಹಾಕಿತು. ಏಳು ವರ್ಷ. ಚೆಸ್ ಆಟಗಾರನ ಬದುಕಿನಲ್ಲಿ ಏಳು ವರ್ಷ ಅಂದ್ರೆ ಏನು ಅಂತ ಯೋಚಿಸಿ. ಒಕ್ಕೂಟದ ಪರವಾಗಿಯೂ ಒಂದು ಮಾತಿದೆ, ಇಲ್ಲ ಅನ್ನಲ್ಲ. ಯಾರು ಬೇಕಾದರೂ ಎಲ್ಲಿ ಬೇಕಾದರೂ ಪಂದ್ಯಾವಳಿ ಇಟ್ಟರೆ ಮೋಸವೂ ಹೆಚ್ಚುತ್ತೆ, ಗೊಂದಲವೂ ಹೆಚ್ಚುತ್ತೆ. ಆದರೆ ಗೊಂದಲ ತಪ್ಪಿಸೋಕೆ ಆಟಗಾರನನ್ನ ಕಟ್ಟಿಹಾಕೋದು ಸರಿಯಾದ ಮದ್ದು ಅಂತ ನನಗೆ ಅನ್ನಿಸಲ್ಲ.

ಪುಣೆಗೆ ವಾಪಸ್ ಬರ್ತೀನಿ. ಮಗಳ ಆ ಶನಿವಾರದ ಕಥೆ ಆದ ಮೇಲೆ ನಾನೊಂದು ಸ್ಪ್ರೆಡ್‌ಶೀಟ್ ಮಾಡಿದೆ. ನಮ್ಮ ಜಾತಿಯ ರೋಗ ಅದು, ಏನೇ ಆದ್ರೂ ಒಂದು ಶೀಟ್. ಪುಣೆ, ಪಿಂಪ್ರಿ, ಸಾತಾರಾ, ಕೊಲ್ಹಾಪುರ, ಬೆಳಗಾವಿ ಕಡೆಯ ಏಳು ಜನ ಆಯೋಜಕರಿಗೆ ಕಳಿಸಿ, ‘ಸರ್, ಮುಂದಿನ ಆರು ತಿಂಗಳ ತಾರೀಕು ತುಂಬಿಸಿ’ ಅಂತ ಕೇಳ್ಕೊಂಡೆ. ಎಲ್ಲರೂ ಹೆಬ್ಬೆಟ್ಟು ಎತ್ತಿ ತೋರಿಸಿದರು. ತುಂಬಿಸಿದವರು ಇಬ್ಬರು.

ಯಾಕೆ ಅಂತ ಗೊತ್ತಾಗಿದ್ದು ಒಬ್ಬ ಹಿರಿಯ ಆರ್ಬಿಟರ್ ಹತ್ರ ಕೂತು ಚಹಾ ಕುಡಿದಾಗ. ಅಕ್ಕಲಕೋಟ ಕಡೆಯವರು, ಮನೆಮಾತು ಕನ್ನಡ. ನಾನು ಕಾಕಾ ಅಂತೀನಿ.

‘ಕಾಕಾ, ಮೊದಲೇ ಹೇಳಿದ್ರ ಎಲ್ಲಾರಿಗೂ ಚಲೋ ಅಲ್ಲೇನ್ರಿ?’ ಅಂದೆ.

‘ತಾರೀಕು ಅಂದ್ರ ಹೊಲದ ಬದು ಇದ್ದಂಗ ನೋಡಪಾ. ಮೊದಲ ತೋರಿಸಿದವನ ಬದು ಮೊದಲ ಒತ್ತತಾರ. ನಾ ಮಾರ್ಚಿಗೆ ಅಂತ ಈಗ ಹೇಳಿದೆ ಅನ್ಕೋ, ಇನ್ನೊಬ್ಬ ಅದರ ಹಿಂದಿನ ವಾರಾನ ಇಟ್ಟು, ಬಹುಮಾನ ಹತ್ತು ಸಾವಿರ ಜಾಸ್ತಿ ಅಂತಾನ. ಹುಡುಗರು ಅಲ್ಲಿ ಫೀ ಕಟ್ಟಿ ಖಾಲಿ ಆಗತಾರ. ಮತ್ತ ನನಗ ಹಾಲ್ ಸಿಗಬೇಕಲ್ಲ?’

ಹಾಲ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಪುಣೆಯಲ್ಲಿ ಇನ್ನೂರು ಬೋರ್ಡ್ ಹಾಕೋಕೆ ಜಾಗ ಅಂದ್ರೆ ಶಾಲೆ, ಇಲ್ಲಾಂದ್ರೆ ಮಂಗಲ ಕಾರ್ಯಾಲಯ. ಶಾಲೆ ಪರೀಕ್ಷೆಯ ಕೈಯಲ್ಲಿ, ಕಾರ್ಯಾಲಯ ಪಂಚಾಂಗದ ಕೈಯಲ್ಲಿ. ಲಗ್ನದ ಮುಹೂರ್ತ ಇದ್ದ ದಿನ ಚೆಸ್ಸಿಗೆ ಯಾರು ಕೊಡ್ತಾರೆ? ಆಷಾಢದಲ್ಲಿ ಮದುವೆ ಇಲ್ಲ, ಹಾಲ್ ಅಗ್ಗ. ಆದರೆ ಅದೇ ಹೊತ್ತಿಗೆ ಪಂಢರಪುರದ ಪಾಲಖಿ ಪುಣೆ ದಾಟುತ್ತೆ, ರಸ್ತೆ ಬಂದ್. ಆಮೇಲೆ ಗಣಪತಿ ಹತ್ತು ದಿನ, ಊರೇ ಬಂದ್. 2014ರಲ್ಲಿ ಪುಣೆಯಲ್ಲಿ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್ ನಡೀತಲ್ಲ, ಚೀನಾದ ಲು ಶಾಂಗ್‌ಲೇ ಮತ್ತು ರಷ್ಯಾದ ಗೊರ್ಯಾಚ್ಕಿನಾ ಗೆದ್ದಿದ್ದು, ಅದರ ತಾರೀಕು ನೋಡಿ. ಅಕ್ಟೋಬರ್ ಮೊದಲ ವಾರದಿಂದ 20ರ ಆಸುಪಾಸಿನವರೆಗೆ. ಆ ವರ್ಷ ದಸರಾ ಅಕ್ಟೋಬರ್ 3, ದೀಪಾವಳಿ 23. ಜಗತ್ತಿನ ಪಂದ್ಯಾವಳಿ ಕೂಡ ಎರಡು ಹಬ್ಬದ ಸಂದಿಯಲ್ಲೇ ಕೂತಿತ್ತು! 2025ರ ಏಪ್ರಿಲ್‌ನಲ್ಲಿ ಕೊನೇರು ಹಂಪಿ ಗೆದ್ದ ಮಹಿಳಾ ಗ್ರಾಂಡ್ ಪ್ರಿ ಕೂಡ ಇಲ್ಲೇ ನಡೆದದ್ದು. ಅದಕ್ಕೆ ಹತ್ತೇ ಆಟಗಾರ್ತಿಯರು, ಐದೇ ಬೋರ್ಡ್. ಅಂಥದ್ದಕ್ಕೆ ಜಾಗ ಹೊಂದಿಸಬಹುದು. ಇನ್ನೂರು ಬೋರ್ಡಿನ ಮಕ್ಕಳ ಪಂದ್ಯಾವಳಿಗೇ ತಾಪತ್ರಯ.

‘ಹಂಗಾರ ಸಾಂಗ್ಲಿಯವರು ಹೆಂಗ ಮಾಡಿದ್ರು ಕಾಕಾ?’

‘ಅವರು ಯಾರನ್ನೂ ಕೇಳಲಿಲ್ಲ, ಯಾರ ಮಾತೂ ಕೇಳಲಿಲ್ಲ. ವರ್ಷಾ ಅದ ತಿಂಗಳಾ, ಅದ ಊರು. ದುಡ್ಡು ಇದ್ದಾಗೂ ಮಾಡಿದ್ರು, ಇಲ್ಲದಾಗೂ ಮಾಡಿದ್ರು. ನಿನ್ನ ಶೀಟಿನಾಗ ಆ ಕಾಲಂ ಐತೇನು?’ ಅಂದು ಕಾಕಾ ನಕ್ಕರು.

ಮನೆಗೆ ಬಂದು ಆ ಶೀಟ್ ತೆಗೆದು ನೋಡಿದೆ. ತುಂಬಿಸಿದ್ದ ಇಬ್ಬರೂ ಮೇ ತಿಂಗಳ ಸಾಲು ಖಾಲಿ ಬಿಟ್ಟಿದ್ದರು. ಒಬ್ಬರು ಅದರಲ್ಲಿ ಮರಾಠಿಯಲ್ಲಿ ‘ಸಾಂಗಲೀ’ ಅಂತ ಬರೆದಿದ್ದರು.

ಈ ಸಲ ಮೇ ತಿಂಗಳಿಗೆ ನಾನು ಒಂದು ವಾರ ರಜೆ ಹಾಕಿದ್ದೀನಿ. ಪುಣೆಯಿಂದ ಸಾಂಗ್ಲಿಗೆ ಎರಡು ಟಿಕೆಟ್, ಅಲ್ಲಿಂದ ಮುಂದೆ ಜಮಖಂಡಿಗೆ ಅಜ್ಜಿ ಮನೆ. ನಿಮ್ಮ ಮನೆಯ ಟ್ರಂಕಿನಲ್ಲೋ ಅಟ್ಟದ ಮೇಲೋ ಹಳೇ ಚೆಸ್ ಪಂದ್ಯಾವಳಿಯ ಕರಪತ್ರ, ಆಮಂತ್ರಣದ ಪೋಸ್ಟ್ ಕಾರ್ಡ್, ಸ್ಕೋರ್ ಶೀಟ್ ಏನಾದ್ರೂ ಇದ್ದರೆ ಫೋಟೊ ತೆಗೆದು ಕಳಿಸಿ. ಬೆಳಗಾವಿ, ವಿಜಯಪುರ, ಸೊಲ್ಲಾಪುರ ಕಡೆಯವು ಇದ್ದರಂತೂ ಇನ್ನೂ ಸಂತೋಷ. ತಾರೀಕು ಕಾಣೋ ಹಾಗೆ ತೆಗೀರಿ.